ನಕ್ಷೆಗಾರರು ಓದಲು ಕುಳಿತದ್ದು

“ಮೇಲಿನ ಬಡಾವಣೆಗೆ ಹೊಸ ಪೈಪು ಹಾಕೋದಕ್ಕೆ ಎಷ್ಟು ಹೊತ್ತು ಬೇಕಾಗುತ್ತೆ?” ಎಂದು ದೊಡ್ಡ ಸಾಹೇಬರು ತುಂಬಿದ ಸಭೆಯಲ್ಲಿ ಕೇಳಿದಾಗ, ನೀರು ಸರಬರಾಜು ಕಚೇರಿಯ ನಕ್ಷೆಗಾರರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಹಿಂದಿನ ಸಾಲಿಗೂ ಕೇಳುವಂತೆ, “ನಾಲ್ಕು ವಿಸಿಲ್ ಸಾಕು ಸಾರ್” ಎಂದರು.

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಯಾವುದರ ವಿಸಿಲ್?” ಎಂದರು.

“ಕುಕ್ಕರಿಂದು ಸಾರ್” ಎಂದರು ನಕ್ಷೆಗಾರರು. ಬಾಯಿ ಒಮ್ಮೆ ಜಾರಿದ ಮೇಲೆ ಅದು ಎಲ್ಲಿ ನಿಲ್ಲುತ್ತದೆಂದು ಬಾಯಿಯ ಒಡೆಯನಿಗೂ ಗೊತ್ತಿರುವುದಿಲ್ಲ.

ಪಾಪ, ಅವರ ತಪ್ಪೇನೂ ಇರಲಿಲ್ಲ. ಬೆಳಿಗ್ಗೆ ಹೆಂಡತಿ ಮಗಳನ್ನು ಶಾಲೆಗೆ ಬಿಡಲು ಹೊರಟಾಗ, “ರೀ, ಕುಕ್ಕರ್ ಒಲೆ ಮೇಲಿದೆ, ಹೊತ್ತಿಸಿ, ನಾಲ್ಕು ವಿಸಿಲ್ ಆದ್ಮೇಲೆ ಆರಿಸಿ” ಎಂದು ಹೇಳಿದ್ದರು. ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಸಭೆಯ ನಡುವೆ ತಲೆಯೊಳಗೆ ಹೊಕ್ಕಿತ್ತು. ಸಾಹೇಬರು ಇಡೀ ಊರಿನ ನೀರಿನ ಭವಿಷ್ಯ ವಿವರಿಸುತ್ತಿದ್ದಾಗ ಇವರು ಮನಸ್ಸಿನಲ್ಲೇ ಅಡುಗೆಮನೆಯ ಸೂರು ಹಾರಿಹೋಗುವುದನ್ನು ನೋಡುತ್ತಿದ್ದರು. (ಸಂಜೆ ಹೋಗಿ ನೋಡಿದರೆ ಏನೂ ಆಗಿರಲಿಲ್ಲ. ಒಲೆಯನ್ನು ಹೊತ್ತಿಸಿಯೇ ಇರಲಿಲ್ಲ.)

ಸಭೆಯಲ್ಲಿ ಎದ್ದ ನಗುವಿನ ಅಲೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಅವರ ಬಾಮೈದ. ಹೆಂಡತಿಯ ಖಾಸಾ ತಮ್ಮ. ಅದೇ ಕಚೇರಿಯಲ್ಲಿ ಕೆಲಸ; ಅರ್ಜಿ ತುಂಬಿಸಿ ಅವನನ್ನು ಅಲ್ಲಿಗೆ ಸೇರಿಸಿದವರೂ ಇವರೇ. ನಗು ಅಡಗಿದ ಮೇಲೆ ಸಾಹೇಬರು ಹೊಸ ಸುದ್ದಿ ಹೇಳಿದರು. ಮೇಲ್ವಿಚಾರಕರ ಹುದ್ದೆ ಒಂದು ಖಾಲಿಯಾಗಿದೆ, ಇಲಾಖೆಯ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಆ ಕುರ್ಚಿ. “ಇಷ್ಟ ಇರೋರು ಹೆಸರು ಕೊಡಿ. ವಿಸಿಲ್ ಸಾಹೇಬರೂ ಕೊಡಬಹುದು” ಎಂದರು. ಅಂದಿನಿಂದ ಕಚೇರಿಯಲ್ಲಿ ಅದೇ ಅವರ ನಾಮಧೇಯವಾಯಿತು.

ಆ ಕುರ್ಚಿಗೆ ಹೆಸರು ಕೊಟ್ಟವರು ಇಬ್ಬರೇ. ಭಾವ ಮತ್ತು ಬಾಮೈದ.

ಸಂಜೆ ಚೀಲವನ್ನು ಮೂಲೆಗೆ ಒಗೆದು ನಕ್ಷೆಗಾರರು ಗುಡುಗಿದರು. “ಕೇಳಿಲ್ಲಿ. ನಾಳೆಯಿಂದ ರಜ ಹಾಕಿದೀನಿ. ಓದ್ತೀನಿ.”

“ಓದಿ. ಯಾರು ಬೇಡ ಅಂದ್ರು?” ಎಂದರು ಹೆಂಡತಿ.

“ನಿನ್ನ ತಮ್ಮನೂ ಬರೀತಾನಂತೆ.”

“ಬರೀಲಿ ಬಿಡಿ. ಅವನಿಗೂ ಕೈ ಇದೆ, ಪೆನ್ನಿದೆ.”

“ನಿನಗೇನಮ್ಮಾ! ಆದ್ರೆ ಗಂಡ, ಇಲ್ಲದಿದ್ರೆ ತಮ್ಮ. ಯಾರು ಗೆದ್ರೂ ನಿನ್ನ ಪಕ್ಷವೇ.”

“ಅದಕ್ಕೇ ನಾನು ಆರಾಮಾಗಿದೀನಿ. ಕೈಕಾಲು ತೊಳ್ಕೊಂಡು ಬನ್ನಿ, ಕುಕ್ಕರ್ ಇಟ್ಟಿದೀನಿ. ನಾನೇ ಹೊತ್ತಿಸಿದೀನಿ, ಹೆದರಬೇಡಿ.”

ಹೆಂಡತಿಗೆ ಇದು ಹುಡುಗಾಟ. ನಕ್ಷೆಗಾರರಿಗೆ ಮಾನದ ಪ್ರಶ್ನೆ. ಅವರ ಮದುವೆಯ ದಿನ ಮೂಗು ಸೋರಿಸಿಕೊಂಡು ಓಡಿಬಂದು, ಅವರ ಹೊಚ್ಚ ಹೊಸ ಕೋಟಿನ ಅಂಚಿಗೆ ಒರೆಸಿ ಹೋದ ಪುಟಾಣಿ ಈ ಬಾಮೈದ. ಆ ಕಲೆ ಆಮೇಲೆ ಹೋಯಿತು, ನೆನಪು ಹೋಗಲಿಲ್ಲ. ಈಗ ಅದೇ ಮೂಗು ಮೇಲ್ವಿಚಾರಕರ ಕುರ್ಚಿಯಲ್ಲಿ ವಿರಾಜಮಾನವಾಗುವುದೇ? ತಾವು ಬಾಗಿಲು ತಟ್ಟಿ, ತಲೆ ಬಾಗಿಸಿ, ಅದಕ್ಕೆ “ಸಾರ್” ಅನ್ನುವುದೇ? ಅದೊಂದು ಪದ ತಪ್ಪಿದರೆ ಸಾಕು, ಸಂಬಳ ಹೆಚ್ಚದಿದ್ದರೂ ಅವರಿಗೆ ಚಿಂತೆಯಿರಲಿಲ್ಲ.

ಮರುದಿನ ಅವರು ಗದ್ದಲದ ಮೇಲೆ ಯುದ್ಧ ಸಾರಿದರು. ಮೊಬೈಲು ಹೆಂಡತಿಯ ವಶವಾಯಿತು. ಟೀವಿಯ ತಂತಿ ಕಿತ್ತು ಬೀರುವಿನಲ್ಲಿಟ್ಟರು. ಕರೆಗಂಟೆಯ ಬಾಯಿ ಮುಚ್ಚಿಸಿದರು. ಓದಲೆಂದು ಹಿಡಿದ ಹಿತ್ತಲ ಕೋಣೆಯ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತದೆಂದು ಅದರ ಸೆಲ್ಲು ತೆಗೆದರು. ಮಗಳಿಗೆ ಜೋರಾಗಿ ಪಾಠ ಒಪ್ಪಿಸಬಾರದೆಂಬ ಅಪ್ಪಣೆಯಾಯಿತು. (ಅವಳು ಇದನ್ನು ಶಿರಸಾವಹಿಸಿ, ಮೆಲ್ಲಗೂ ಒಪ್ಪಿಸಲಿಲ್ಲ.) ಮನೆಯಲ್ಲಿ ಒಗ್ಗರಣೆ ಕೂಡ ಹೆದರಿ ಹೆದರಿ ಸಿಡಿಯತೊಡಗಿತು.

ನಕ್ಷೆಗಾರರು ಬಾಗಿಲು ಹಾಕಿಕೊಂಡು, ಪರೀಕ್ಷೆಯ ಪುಸ್ತಕದ ಮೊದಲ ಪುಟ ತೆರೆದು, ಓದಿದರು: ‘ಕೊಳವೆಯಲ್ಲಿ ನೀರಿನ ಒತ್ತಡ.’

ಎಂಥ ನಿಶ್ಶಬ್ದ! ಆಗ, ಹೊರಗಿನವರೆಲ್ಲ ಗಡೀಪಾರಾದರೆಂದು ಖಾತ್ರಿಯಾದ ಮೇಲೆ, ತಲೆಯೊಳಗೆ ಬಾಡಿಗೆ ಕೊಡದೆ ವಾಸವಾಗಿದ್ದ ಒಬ್ಬ ಮಹಾನುಭಾವ ಮೈಮುರಿದು ಎದ್ದ.

‘ಒತ್ತಡ ಅಂದಾಗ ನೆನಪಾಯ್ತು,’ ಎಂದ ಅವನು. ‘ಬಚ್ಚಲ ನಲ್ಲಿ ತೊಟ್ಟಿಕ್ಕುತ್ತೆ ಅಲ್ವಾ? ಊರಿಗೆಲ್ಲ ನೀರು ಕೊಡೋ ಇಲಾಖೆಯವನ ಮನೆ ನಲ್ಲಿ ಸೋರೋದು ನಾಚಿಕೆಗೇಡು. ಅದೊಂದು ಸರಿಮಾಡಿಬಿಟ್ರೆ ಆಮೇಲೆ ಮನಸ್ಸಿಟ್ಟು ಓದಬಹುದು.’

ಮಾತು ನ್ಯಾಯವಾಗಿಯೇ ಇತ್ತು. ನಕ್ಷೆಗಾರರು ಎದ್ದು ವಾಷರು ಬದಲಾಯಿಸಿದರು. ಬಂದು ಕೂತರೆ ಕುರ್ಚಿ ಕಿರ್ ಎಂದಿತು. ಎಣ್ಣೆ ತಂದು ಕುರ್ಚಿಗೆ ಬಿಟ್ಟರು. ಡಬ್ಬಿಯಲ್ಲಿ ಎಣ್ಣೆ ಉಳಿದಿತ್ತು. ಸುಮ್ಮನೆ ಯಾಕೆ ಇಡಬೇಕೆಂದು ಮನೆಯ ಬಾಗಿಲುಗಳ ತಿರುಗಣಿಗಳಿಗೆಲ್ಲ ಅಭಿಷೇಕ ಮಾಡಿದರು. ಅಷ್ಟರಲ್ಲಿ ಊಟದ ಹೊತ್ತಾಯಿತು.

ಎರಡನೆಯ ದಿನ ಎರಡನೆಯ ಪುಟ. ಪರದೆಯ ಕೋಲು ವಾಲಿರುವುದು ಕಣ್ಣಿಗೆ ಬಿತ್ತು. ನೇರ ಗೆರೆ ಎಳೆದು ಅನ್ನ ತಿನ್ನುವ ಮನುಷ್ಯ ವಾಲಿದ ಕೋಲಿನ ಕೆಳಗೆ ಕೂತು ಓದುವುದು ಹೇಗೆ? ಮೂರನೆಯ ದಿನ ‘ಕವಾಟಗಳು ಮತ್ತು ಅವುಗಳ ವರ್ಗೀಕರಣ’ ಎಂಬ ಅಧ್ಯಾಯ ಸ್ಫೂರ್ತಿ ಕೊಟ್ಟು, ಅಡುಗೆಮನೆಯ ಡಬ್ಬಿಗಳ ವರ್ಗೀಕರಣದಲ್ಲಿ ಮುಕ್ತಾಯವಾಯಿತು. ನಡುನಡುವೆ ಒಳಗಿನವನು ಕೆಲಸಕ್ಕೆ ಬಾರದ ಪ್ರಶ್ನೆಗಳನ್ನೂ ಎತ್ತುತ್ತಿದ್ದ. ಪ್ರಾಥಮಿಕ ಶಾಲೆಯಲ್ಲಿ ತಮ್ಮ ರಬ್ಬರು ಕದ್ದವನು ಯಾರು? ನೆಂಟರ ಮನೆಯಲ್ಲಿ ಬಿಟ್ಟುಬಂದ ಛತ್ರಿ ಈಗ ಹೇಗಿರಬಹುದು? ಓವರ್‌ಹೆಡ್ ಟ್ಯಾಂಕು ತುಂಬಿ ತುಳುಕಿದರೂ ದಾರಿಯಲ್ಲೇ ಸೋರಿ, ಕೊನೆಯ ಮನೆಗೆ ಹನಿ ನೀರೂ ತಲುಪದ ಪೈಪಿನಂತಾಗಿತ್ತು ಅವರ ಬುದ್ಧಿ. ಇಡೀ ಬಡಾವಣೆಯ ಸೋರಿಕೆಯನ್ನು ನಕ್ಷೆಯಲ್ಲೇ ಗುರುತಿಸಬಲ್ಲವರಿಗೆ ಇದು ಮಾತ್ರ ಕಾಣಲಿಲ್ಲ.

ಹೆಂಡತಿಗೆ ಕಂಡಿತು. ಆದರೆ ಆಕೆ ಗೊಣಗಲಿಲ್ಲ, ರೇಗಲಿಲ್ಲ. ಬದಲಿಗೆ ದಿನವೂ ಕಾಫಿ ತಂದಿಟ್ಟು ಪ್ರೀತಿಯಿಂದ ಒಂದು ಎಚ್ಚರಿಕೆ ಕೊಟ್ಟು ಹೋಗುತ್ತಿದ್ದರು. “ನೀವು ಓದ್ಕೊಳ್ಳಿ. ಚಪ್ಪಲಿ ಗೂಡಿನ ಬಾಗಿಲು ಕಳಚಿಕೊಂಡಿದೆ, ಅದರ ಕಡೆ ಮಾತ್ರ ನೋಡಲೇಬೇಡಿ, ಆಯ್ತಾ?” ಸಂಜೆಯೊಳಗೆ ಬಾಗಿಲು ಗಟ್ಟಿಯಾಗಿ ಕೂತಿರುತ್ತಿತ್ತು. ಎಷ್ಟು ಅಕ್ಕರೆ ಇವಳಿಗೆ ನನ್ನ ಓದಿನ ಮೇಲೆ ಎಂದು ನಕ್ಷೆಗಾರರ ಕಣ್ಣು ತೇವವಾಗುತ್ತಿತ್ತು.

ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದು ಬಂದರು. ಎಣ್ಣೆ ಹಾಕಿದ್ದ ಬಾಗಿಲು ಸದ್ದು ಮಾಡಲಿಲ್ಲ. ಅಡುಗೆಮನೆಯಲ್ಲಿ ತಾಯಿ ಮಗಳ ಸಂಭಾಷಣೆ ನಡೆದಿತ್ತು.

“ಅಮ್ಮಾ, ಕಿಟಕಿಗಳಿಗೆ ಬಣ್ಣ ಯಾವಾಗ?”

“ಇರೇ, ಅವಸರ ಮಾಡಬೇಡ. ದೊಡ್ಡ ಕೆಲಸ ಅದು. ಕಷ್ಟದ ಅಧ್ಯಾಯ ಶುರುವಾಗಲಿ.”

“ಅಪ್ಪ ಪಾಸಾದ್ರೆ?”

“ಬಾಯಿ ಮುಚ್ಚು! ಇನ್ನೂ ಅಟ್ಟ ಗುಡಿಸೋದು ಬಾಕಿ ಇದೆ.”

ನಕ್ಷೆಗಾರರು ನೀರು ಕುಡಿಯದೆ ಹಿಂತಿರುಗಿದರು. ಅಂದು ಸಂಜೆಯವರೆಗೆ ಯಾವ ರಿಪೇರಿಯೂ ಮಾಡಲಿಲ್ಲ. ಓದಲೂ ಇಲ್ಲ. ಹೆಂಡತಿಯನ್ನು ಉದ್ದೇಶಿಸಿ ಮನಸ್ಸಿನಲ್ಲೇ ಒಂದು ಸುದೀರ್ಘ, ಗಂಭೀರ, ಎದೆ ಕಲಕುವ ಭಾಷಣ ತಯಾರಿಸಿದರು. ಅದರ ಕೊನೆಯ ಪ್ಯಾರಾ ತಿದ್ದುತ್ತಿದ್ದಾಗಲೇ ಅವರಿಗೆ ಜ್ಞಾನೋದಯವಾಯಿತು. ಮನಸ್ಸು ಕೊಟ್ಟ ಕೆಲಸ ಬಿಟ್ಟು ಪಕ್ಕದ ಕೆಲಸಕ್ಕೇ ಓಡುವುದಾದರೆ, ಓದನ್ನೇ ಪಕ್ಕಕ್ಕಿಟ್ಟರಾಯಿತಲ್ಲ!

ಬೆಳಿಗ್ಗೆ ಬಣ್ಣದ ಡಬ್ಬ, ಕುಂಚ, ಏಣಿ ಸಮೇತ ಹಜಾರದಲ್ಲಿ ಪ್ರತ್ಯಕ್ಷರಾದರು. “ಇವತ್ತಿಂದ ಓದು ಗೀದು ಏನೂ ಇಲ್ಲ. ಕಿಟಕಿ ಬಣ್ಣ ಒಂದೇ ಕೆಲಸ” ಎಂದು, ಒಳಗಿನವನಿಗೂ ಕೇಳಲೆಂದು ಎರಡು ಸಲ ಸಾರಿದರು. ಪುಸ್ತಕವನ್ನು ಏಣಿಯ ಮೇಲಿನ ಮೆಟ್ಟಿಲಿನಲ್ಲಿ, ಯಾರೋ ಮರೆತು ಬಿಟ್ಟಂತೆ ತೆರೆದಿಟ್ಟರು.

ಕಿಟಕಿಯ ಒಂದು ಪಟ್ಟಿಗೆ ಬಣ್ಣ ಬಿತ್ತು. ಒಳಗಿನವನು ಚಡಪಡಿಸಿದ. ‘ಅಲ್ಲ, ಆ ಒತ್ತಡದ ಸೂತ್ರ ಏನಿತ್ತು? ಸುಮ್ನೆ ಒಂದ್ಸಲ ನೋಡ್ಬಿಡು.’ ನೋಡಿದರು. ಇನ್ನೊಂದು ಪಟ್ಟಿ, ಇನ್ನೊಂದು ಪುಟ. ಆಮೇಲೆ ಪಟ್ಟಿ ನಿಂತಿತು, ಪುಟ ಓಡಿತು.

“ಏನ್ರೀ, ಕುಂಚ ಒಣಗ್ತಿದೆ!” ಎಂದು ಹೆಂಡತಿ ಕೆಳಗಿನಿಂದ ಕೂಗಿದರು.

“ಶ್! ಕವಾಟ ಮುಗೀಲಿ ಇರು.”

“ಕಿಟಕಿ ಅರ್ಧಂಬರ್ಧ ನಿಂತಿದೆಯಲ್ರೀ, ನೋಡಿದವರು ಏನಂತಾರೆ?”

“ಏನು ಬೇಕಾದ್ರೂ ಅನ್ನಲಿ. ಅಟ್ಟದ ಮಾತು ಎತ್ತಬೇಡ, ಈಗಲೇ ಹೇಳಿದೀನಿ.”

ಹೆಂಡತಿಯ ಮುಖ ಕೆಂಪಾಯಿತು. ಮಗಳು ಸೆರಗಿನ ಹಿಂದೆ ಅಡಗಿಕೊಂಡಳು. ಪರೀಕ್ಷೆ ಬರುವುದರೊಳಗೆ ನಕ್ಷೆಗಾರರು ಇಡೀ ಪುಸ್ತಕವನ್ನು ಅರೆದು ಕುಡಿದಿದ್ದರು. ಹೆಂಡತಿಯ ಮುಂದೆ ಎದೆ ಉಬ್ಬಿಸಿ, “ಮನಸ್ಸಿಗೆ ಮೂಗುದಾರ ಹಾಕೋದು ಹೇಗೆ ಅಂತ ನನ್ನ ಕೇಳು” ಎಂದರು. ಆಕೆ ಕೇಳಲಿಲ್ಲ.

ಇಲಾಖೆಯ ಬೇರೆ ಕಚೇರಿಗಳವರನ್ನೂ ಸೇರಿಸಿ ಪರೀಕ್ಷೆ ಒಂದು ಶಾಲೆಯಲ್ಲಿತ್ತು. ಮುಂದಿನ ಸಾಲಿನಲ್ಲಿ ಬಾಮೈದ ಪೆನ್ನಿನ ತುದಿ ಕಚ್ಚುತ್ತಾ ಕೂತಿದ್ದ. ತಿರುಗಿ, “ಆಲ್ ದಿ ಬೆಸ್ಟ್ ಭಾವ” ಎಂದ. ನಕ್ಷೆಗಾರರು ಹಿರಿಯರಂತೆ ಕೈಯೆತ್ತಿದರು. ಪ್ರಶ್ನೆಪತ್ರಿಕೆ ಬಂತು. ಮೊದಲ ಪುಟದ ಮೇಲೆ ಕಣ್ಣಾಡಿಸಿದರೆ ಎಲ್ಲವೂ ಗೊತ್ತಿರುವುದೇ! ಪೆನ್ನು ಊರಿದರು. ಬೆಂಚು ‘ಟಕ್’ ಎಂದಿತು.

ಒಂದು ಕಾಲು ಗಿಡ್ಡ. ಒಂದು ಪದ ಬರೆದರೆ ಟಕ್, ಮುಂದಿನ ಪದಕ್ಕೆ ಮತ್ತೆ ಟಕ್.

‘ಹೇಗೂ ಎಲ್ಲ ಗೊತ್ತಿದೆಯಲ್ಲ,’ ಎಂದ ಒಳಗಿನವನು, ‘ಇದೊಂದು ಸರಿಮಾಡಿಬಿಡು. ಆಮೇಲೆ ಮನಸ್ಸಿಟ್ಟು ಬರಿ.’

ಮಾತು ನ್ಯಾಯವಾಗಿಯೇ ಇತ್ತು. ಉತ್ತರ ಪತ್ರಿಕೆ ಹರಿಯುವಂತಿಲ್ಲ. ಪ್ರಶ್ನೆಪತ್ರಿಕೆಯ ಹಿಂದೆ ಪಿನ್ನು ಹೊಡೆದ ಇನ್ನೊಂದು ಹಾಳೆಯಿತ್ತು. ಅದರ ಬೆನ್ನು ಬೆಳ್ಳಗಿತ್ತು, ಚಿತ್ತು ಬರೆಯಲು ಕೊಟ್ಟಿದ್ದಿರಬೇಕು. ಅದನ್ನು ಮಗುಚಿಯೂ ನೋಡದೆ ನಾಜೂಕಾಗಿ ಬಿಡಿಸಿ, ಮೂಲೆಗೆ ಮೂಲೆ ಸೇರಿಸಿ, ಎಷ್ಟು ದಪ್ಪ ಬೇಕೋ ಅಷ್ಟೇ ದಪ್ಪಕ್ಕೆ ಮಡಿಸಿ, ಬಗ್ಗಿ ಬೆಂಚಿನ ಕಾಲಡಿ ಇಟ್ಟರು. ಒತ್ತಿ ನೋಡಿದರು. ಬಂಡೆಗಲ್ಲು! ಆಮೇಲೆ ಅವರು ಬರೆದ ಬರಹಕ್ಕೆ ತಡೆಯೇ ಇರಲಿಲ್ಲ. ಬಾಮೈದ ಬೆವರು ಒರೆಸಿಕೊಳ್ಳುತ್ತಾ ಇನ್ನೂ ಹಾಳೆ ಬೇಕೆಂದು ಕೈಯೆತ್ತುತ್ತಿದ್ದಾಗ ಇವರು ಎಲ್ಲ ಮುಗಿಸಿ, ಎಲ್ಲರಿಗಿಂತ ಮೊದಲು, ಚಪ್ಪಲಿ ಸದ್ದು ಮಾಡುತ್ತಾ ಹೊರನಡೆದರು.

ಸಂಜೆ ಬಾಮೈದ ಅಕ್ಕನ ಮನೆಗೆ ಬಂದ. ಮುಖ ಬಾಡಿತ್ತು. “ಮೊದಲ ಭಾಗ ಪರವಾಗಿಲ್ಲ ಭಾವ. ಎರಡನೇ ಭಾಗ ಹೆಣ ಬೀಳಿಸಿಬಿಡ್ತು. ನಿಮಗೆ ಹೇಗಾಯ್ತು?”

“ಯಾವ ಎರಡನೇ ಭಾಗ?” ಎಂದರು ನಕ್ಷೆಗಾರರು, ನಗುತ್ತಲೇ.

ಮಗಳು ಅಪ್ಪನ ಜೇಬಿನಿಂದ ಇಣುಕುತ್ತಿದ್ದ ಪ್ರಶ್ನೆಪತ್ರಿಕೆ ಎಳೆದು ಗಟ್ಟಿಯಾಗಿ ಓದಿದಳು. “ಅಪ್ಪಾ, ಇಲ್ಲಿ ಕೆಳಗೆ ‘ಮುಂದಿನ ಹಾಳೆ ನೋಡಿ’ ಅಂತ ಇದೆ. ಮುಂದಿನ ಹಾಳೆ ಎಲ್ಲಿ?”

ನಕ್ಷೆಗಾರರ ನಗು ಮುಖದ ಮೇಲೆ ಹಾಗೆಯೇ ಉಳಿಯಿತು. ಅದರ ಹಿಂದೆ ಯಾರೂ ಇರಲಿಲ್ಲ. “ಓ, ಅದಾ? ಅದು... ಅಲ್ಲೇ ಉಳೀತು” ಎಂದು ಎದ್ದು, ಯಾರೂ ಹೇಳದಿದ್ದರೂ ಏಣಿ ಹತ್ತಿ, ಉಳಿದ ಕಿಟಕಿಗೆಲ್ಲ ಬಣ್ಣ ಬಳಿದರು. ತಪ್ಪಿಸಿಕೊಳ್ಳಲು ಬೇರೆ ಕೆಲಸವೇ ಇಲ್ಲದ್ದರಿಂದ ಅವರ ಏಕಾಗ್ರತೆ ಅಂದು ನೋಡುವಂತಿತ್ತು. ಹೆಂಡತಿ ಏಣಿ ಹಿಡಿದು ನಿಂತರು. ಅಟ್ಟದ ಮಾತನ್ನಂತೂ ಎತ್ತಲೇ ಇಲ್ಲ.

ಫಲಿತಾಂಶ ಬಂತು. ಕುರ್ಚಿ ಬಾಮೈದನದಾಯಿತು. ಮೊದಲ ದಿನವೇ ಕರೆ ಬಂತು. ನಕ್ಷೆಗಾರರು ದಾರಿಯುದ್ದಕ್ಕೂ ‘ನೋಡಪ್ಪಾ’, ‘ಏನಪ್ಪಾ’, ‘ಸಾಹೇಬ್ರೇ’ ಎಂದು ಬದಲಿ ಪದಗಳನ್ನು ಅಭ್ಯಾಸ ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದರು.

“ಬನ್ನಿ ಭಾವ, ಕೂತ್ಕೊಳ್ಳಿ” ಎಂದು ಬಾಮೈದ ತಾನೇ ಎದ್ದು ಕುರ್ಚಿ ಎಳೆದು ಕೊಟ್ಟ. ಮೇಜಿನ ಮೇಲೆ ಅಂಕಪಟ್ಟಿಯಿತ್ತು. “ಮೊದಲ ಭಾಗದಲ್ಲಿ ಇಡೀ ಇಲಾಖೆಗೇ ನೀವೇ ಫಸ್ಟು. ಎರಡನೇ ಭಾಗದಲ್ಲಿ ಒಂದಕ್ಷರ ಬರೆದಿಲ್ಲ. ಎಲ್ಲಾ ಗೊತ್ತಿರೋರು ಸುಮ್ಮನೆ ಹಾಗೆ ಎದ್ದು ಹೋಗ್ತಾರಾ?” ಅವನ ಮೂಗು ಸೋರತೊಡಗಿತು, ಈ ಸಲ ಅವನ ಕೈಯಲ್ಲಿ ಕರವಸ್ತ್ರವಿತ್ತು. “ನಿಜ ಹೇಳಿ ಭಾವ. ಈ ಕುರ್ಚಿ ನನಗೆ ಸಿಗಲಿ ಅಂತ ತಾನೇ ಬಿಟ್ಟುಕೊಟ್ಟಿದ್ದು?”

ಎಂಥ ಅವಕಾಶ! ಒಂದು ನಿಟ್ಟುಸಿರು, ಒಂದು ಮೌನ, ‘ಹೋಗಲಿ ಬಿಡಪ್ಪಾ’ ಎಂಬ ಒಂದು ಮಾತು ಸಾಕಾಗಿತ್ತು. ಸಾಯುವವರೆಗೆ ತ್ಯಾಗಮೂರ್ತಿಯಾಗಿ ಬದುಕಬಹುದಿತ್ತು, ‘ಸಾರ್’ ಅನ್ನುವುದೂ ತಪ್ಪುತ್ತಿತ್ತು. ನಕ್ಷೆಗಾರರು ನಿಟ್ಟುಸಿರಿಗೆ ಉಸಿರು ಎಳೆದುಕೊಂಡರು. ಅಷ್ಟರಲ್ಲಿ ಬಾಮೈದ ಮೇಜಿಗೆ ಮೊಣಕೈ ಊರಿದ. ಮೇಜು ‘ಟಕ್’ ಎಂದಿತು. ನಕ್ಷೆಗಾರರ ಕಣ್ಣು ಮೆಲ್ಲಗೆ ಮೇಜಿನ ಕಾಲಿನತ್ತ ಜಾರಿತು.

“ಹೇಳಿ ಭಾವ, ಯಾಕೆ ಬರೀಲಿಲ್ಲ?”

“ಬೆಂಚು ಅಲ್ಲಾಡ್ತಿತ್ತು, ಸಾರ್.”