ಬಲ್ಬನ್ನು ಬೈಯುವ ಮೊದಲು

ಹೊಸಪೇಟೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟವನಿಗೆ ಸಿಟ್ಟು ಬರಲು ಬೇರೆ ಕಾರಣ ಬೇಕಿಲ್ಲ, ಶಟರ್ ಎತ್ತಿದರೆ ಸಾಕು. ಬ್ರೇಕಿನ ದೀಪ ಉರಿಯದಿದ್ದರೆ ತಪ್ಪು ನನ್ನದು, ಉರಿದರೂ ನನ್ನದು. ಅದಕ್ಕೇ ಗಲ್ಲಾದ ಮೇಲೆ ದೊಡ್ಡ ಬೋರ್ಡ್ ಬರೆಸಿ ಹಾಕಿದ್ದೇನೆ: ‘ಮೊದಲು ದೀಪದ ಗ್ಲಾಸ್ ಒರೆಸಿ. ಆಮೇಲೆ ಫ್ಯೂಸ್, ಪೆಡಲ್ ಸ್ವಿಚ್ ನೋಡಿ. ಆಮೇಲೆ ಬಲ್ಬನ್ನು ಬೈಯಿರಿ.’ ಇಷ್ಟು ವರ್ಷದಲ್ಲಿ ಅದನ್ನು ಓದಿದವನು ಪೇಂಟರ್ ಒಬ್ಬನೇ. ಅವನೂ ಬರೆಯುವಾಗ.

ಕಿಸೆಯಲ್ಲಿ ಬಲ್ಬ್

ಕಂಪ್ಲಿಯ ಗಿರಾಕಿಯೊಬ್ಬ ಬ್ರೇಕ್ ಲೈಟಿನ ಬಲ್ಬ್ ಒಯ್ದವನು ಮೂರು ಸಲ ವಾಪಸ್ ತಂದ. ಮೂರು ಸಲವೂ ಬ್ಯಾಟರಿಗೆ ಹಚ್ಚಿ ತೋರಿಸಿದೆ. ಝಗ್ಗನೆ ಉರಿಯಿತು.

“ನಿಮ್ಮ ಅಂಗಡ್ಯಾಗ ಉರೀತೈತ್ರಿ ಸಾಹುಕಾರ್ರೇ, ನಮ್ಮ ಗಾಡ್ಯಾಗ ಉರಿಯಾಂಗಿಲ್ಲ.”

“ಬೋರ್ಡ್ ಓದ್ಕೋ. ಇಲ್ಲಾಂದ್ರ ಗಾಡಿ ತೋರ್ಸು.”

“ಗಾಡಿ ಕಂಪ್ಲ್ಯಾಗ ಐತ್ರಿ. ನಾ ಬಸ್ಸಿಗೆ ಬಂದೀನಿ.”

ಜ್ವರ ಬಂದವನನ್ನು ಮನೆಯಲ್ಲೇ ಮಲಗಿಸಿ, ಅವನ ಅಂಗಿ ತಂದು ಡಾಕ್ಟರಿಗೆ ತೋರಿಸಿದ ಹಾಗಾಯಿತು! ಅಷ್ಟಕ್ಕೆ ಬಿಟ್ಟನೇ? ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ, ನಾನು ಮಾರುವುದೆಲ್ಲ ಡೂಪ್ಲಿಕೇಟ್ ಎಂದು ಸಾರಿಬಿಟ್ಟ. ಮರುವಾರದಿಂದ ಸ್ಟ್ಯಾಂಡಿನ ಡ್ರೈವರುಗಳು ನನ್ನ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗತೊಡಗಿದರು. ಅದೂ ನನಗೆ ನಮಸ್ಕಾರ ಮಾಡಿಕೊಂಡೇ!

ತೆಳ್ಳನೆಯ ಸ್ಟಿಕರ್

ಉಳಿದುಕೊಂಡ ಗಿರಾಕಿಗಳಾದರೂ ಎಂಥವರು? ಹಂಪಿಗೆ ಜನರನ್ನು ಒಯ್ಯುವ ಡ್ರೈವರ್ ಒಬ್ಬ ಬಂದ. ಸ್ಟೇರಿಂಗಿನ ಹಿಂದೆ ಬ್ರೇಕಿನ ಕೆಂಪು ದೀಪ ಉರಿಯುವ ಕಡೆ ಹೆಂಡತಿಯ ಹಣೆಬೊಟ್ಟಿನ ಸ್ಟಿಕರ್ ಅಂಟಿಸಿದ್ದ.

“ಇದೇನೋ?”

“ಫಾರಿನ್ನಿನವ್ರು ನೋಡಿ ಹೆದರ್ತಾರ್ರಿ.”

ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ತಳ ಕಂಡಿತ್ತು. “ಲೇ, ಅವರು ಹೆದರೋದು ಬ್ಯಾಡ, ಮೊದಲು ನೀ ಹೆದರು!” ಎಂದು ಕೂಗಾಡಿದೆ. ಎಲ್ಲ ತಲೆತಗ್ಗಿಸಿ ಕೇಳಿ, ಕೊನೆಗೆ ಮೆಲ್ಲಗೆ ಅಂದ: “ಖರೇನ್ರಿ. ಇದು ಭಾಳ ತೆಳ್ಳಗೈತಿ, ಬೆಳಕು ಹೊರಗ ಬರತೈತಿ. ದಪ್ಪಂದು ಐತೇನ್ರಿ?”

ಒಂದೇ ಹಲ್ಲು

ಓದಿದವರು ವಾಸಿಯೇ? ಆಫೀಸರ್ ಸಾಹೇಬರೊಬ್ಬರಿಗೂ ಅದೇ ಕೆಂಪು ದೀಪದ ಕಾಟ. ಆಯಿಲ್ ಸರಿ ಇತ್ತು, ಪ್ಯಾಡ್ ಸರಿ ಇತ್ತು. ಆಮೇಲೆ ಕಣ್ಣಿಗೆ ಬಿತ್ತು: ಹ್ಯಾಂಡ್‌ಬ್ರೇಕ್ ಚೂರು ಮೇಲಕ್ಕಿತ್ತು.

“ಕಟ್ ಅಂತ ಒಂದು ಹಲ್ಲು ಮಾತ್ರ ಎತ್ತಿಕೊಂಡೇ ಓಡಿಸುತ್ತೇನೆ,” ಎಂದರು ಗಂಭೀರವಾಗಿ. “ಪೂರ್ತಿ ಇಳಿಸಿದರೆ ಗಾಡಿ ಭಾರಿ ಜೋರಾಗಿ ಹೋಗುತ್ತೆ ಕಣ್ರೀ.”

ಬೋರ್ಡ್ ಓದಿದವನು

ಮೊನ್ನೆ ಸಂಡೂರಿನಿಂದ ಬರುತ್ತಿದ್ದೆ. ಜಿಟಿಜಿಟಿ ಮಳೆ ನಿಂತಿತ್ತು. ಮುಂದೆ ಅದಿರಿನ ಲಾರಿಗಳು, ರಸ್ತೆ ತುಂಬ ಕೆಂಪು ರಾಡಿ. ಕುರಿ ಹಿಂಡು ಅಡ್ಡ ಬಂತೆಂದು ಬ್ರೇಕ್ ಒತ್ತಿದೆ. ಹಿಂದಿನಿಂದ ಧಡ್!

ಬೈಯುತ್ತಲೇ ಇಳಿದೆ. ನನ್ನ ಬಂಪರಿಗೆ ಮೂತಿ ತೂರಿಸಿ ನಿಂತಿದ್ದದ್ದು, ಮೂರು ಸಲ ಕೇಳಿದರೂ ತೋರಿಸದಿದ್ದ ಆ ಕಂಪ್ಲಿಯ ಗಾಡಿ! ಸ್ಟೇರಿಂಗ್ ಹಿಡಿದು ಕೂತವನು ಅದೇ ಬಲ್ಬಿನ ಗಿರಾಕಿ, ಜೊತೆಗೆ ಟ್ಯಾಕ್ಸಿ ಸ್ಟ್ಯಾಂಡಿನ ಇಬ್ಬರು ಡ್ರೈವರುಗಳು ಬೇರೆ.

“ನಿಮ್ಮ ಲೈಟ್ ಉರೀಲೇ ಇಲ್ರಿ!” ಎಂದ. ಡ್ರೈವರುಗಳ ಕಡೆ ತಿರುಗಿ, “ನೋಡ್ರಪಾ, ಇವ್ರ ಸ್ವಂತ ಗಾಡಿಗೂ ಡೂಪ್ಲಿಕೇಟೇ!”

ನನಗೆ ಸಿಟ್ಟು ನೆತ್ತಿಗೇರಿತು. ಅವನನ್ನು ಸರಿಸಿ, ಅವನ ಬ್ರೇಕ್ ಪೆಡಲ್ ಹತ್ತಿರ ತಲೆ ತೂರಿಸಿದೆ. ಸ್ವಿಚ್ಚಿನ ವಯರು ಕಳಚಿ ನೇತಾಡುತ್ತಿತ್ತು. ಸಿಕ್ಕಿಸಿ ಪೆಡಲ್ ಒತ್ತಿದರೆ ಅವನ ಗಾಡಿಯ ಹಿಂದಿನ ಎರಡೂ ಬಲ್ಬು ಝಗ್ಗೆಂದವು.

“ಬಲ್ಬು ಅಸಲಿನೇ ಐತಲ್ಲೋ ಮಾರಾಯ! ಸುಮ್ನ ಸಾಹುಕಾರ್ರ ಹೆಸರು ಕೆಡಿಸಿದಿ,” ಎಂದು ಡ್ರೈವರುಗಳು ಅವನಿಗೇ ಉಗಿದರು. ನನ್ನ ಎದೆ ಎರಡಿಂಚು ಉಬ್ಬಿತು.

ಕಂಪ್ಲಿಯವನು ತನ್ನ ಗಾಡಿಯ ಮುಂದಕ್ಕೆ ಬಂದ. ಹೆಗಲ ಮೇಲಿನ ಟವೆಲ್ ತೆಗೆದ. ನನ್ನ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ದೀಪದ ಮೇಲೆ ರೊಟ್ಟಿಯಷ್ಟು ದಪ್ಪ ಕೂತಿದ್ದ ಕೆಂಪು ರಾಡಿಯನ್ನು ಒರೆಸಿದ. “ಈಗ ಬ್ರೇಕ್ ತುಳೀರಿ,” ಎಂದ. ತುಳಿದೆ. ಚೆನ್ನಾಗಿಯೇ ಉರಿಯಿತು.

ಟವೆಲ್ ಝಾಡಿಸುತ್ತ ಕೇಳಿದ: “ಸಾಹುಕಾರ್ರೇ, ನಿಮ್ಮ ಅಂಗಡ್ಯಾಗ ಒಂದು ಬೋರ್ಡ್ ಐತಲ್ರಿ. ಓದೀರೇನು?”