ಶೇವಟ ಮಾಸ್ತರನ ಶೇವಟ

ಸಿನಿಮಾದ ವಿಷಯದಲ್ಲಿ ನನ್ನಷ್ಟು ತಿಳಿದವನು ದಾಂಡೇಲಿಯಲ್ಲಿ ಇನ್ನೊಬ್ಬನಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ದಾಂಡೇಲಿಯೇ ಹೇಳುತ್ತಿತ್ತು. ಕಾರ್ಖಾನೆಯ ಹಾಜರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವನಲ್ಲ. ಆದರೂ ಎಲ್ಲರೂ ನನ್ನನ್ನು ಕರೆಯುತ್ತಿದ್ದುದು ‘ಶೇವಟ ಮಾಸ್ತರ’ ಎಂದು. ಶೇವಟ ಅಂದರೆ ನಮ್ಮ ಕಡೆ ಕೊನೆ. ಸಿನಿಮಾದ ಕೊನೆ ಹೇಳುವ ಮಾಸ್ತರ ನಾನು!

ಈ ಪದವಿ ಬಂದದ್ದು ಕಾರ್ಖಾನೆಯ ಭೋಂಗಾದಿಂದ, ಅಂದರೆ ಸೈರನ್ನಿನಿಂದ. ನಮ್ಮ ಟಾಕೀಜಿನಲ್ಲಿ ಸಂಜೆಯ ಆಟ ಮುಗಿಯುತ್ತಿದ್ದುದು ಒಂಬತ್ತೂವರೆಗೆ. ರಾತ್ರಿ ಪಾಳಿಯವರನ್ನು ಎಚ್ಚರಿಸುವ ಭೋಂಗಾ ಕೂಗುತ್ತಿದ್ದುದು ಅದಕ್ಕೂ ಮೊದಲು, ಒಂಬತ್ತಕ್ಕೆ. ಪರದೆಯ ಮೇಲೆ ನಾಯಕ ಖಳನ ಕುತ್ತಿಗೆ ಹಿಡಿದಿರಲಿ, ನಾಯಕಿ ಪ್ರಾಣ ಬಿಡುತ್ತಿರಲಿ, ಭೋಂಗಾ ಕೂಗಿತೆಂದರೆ ಅರ್ಧ ಟಾಕೀಜು ಎದ್ದು ಊಟದ ಡಬ್ಬಿ ಹಿಡಿದು ಗೇಟಿನ ಕಡೆ ಓಡುತ್ತಿತ್ತು. ಧಾರವಾಡ, ಬೆಳಗಾವಿಯ ಹಳ್ಳಿಗಳಿಂದ ದುಡಿಯಲು ಬಂದ ಆ ಜನ ಒಂದು ಸಿನಿಮಾದ ಕೊನೆಯನ್ನೂ ಕಂಡವರಲ್ಲ. ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದು ಚಹಾದಂಗಡಿಯಲ್ಲಿ ನನ್ನನ್ನು ಸುತ್ತುವರಿಯುತ್ತಿದ್ದರು.

“ಮಾಸ್ತರ, ಶೇವಟ ಏನಾತ್ರಿ?”

ಕಾಲನಿಯ ಸಂಸಾರಸ್ಥರು ಪೂರ್ತಿ ನೋಡಿಯೇ ಬರುತ್ತಿದ್ದರು. ಆದರೆ ಅವರನ್ನು ಕೇಳಿದರೆ “ಚಲೋ ಇತ್ತು” ಎಂದಷ್ಟೇ ಹೇಳುತ್ತಿದ್ದರು. ನಾನು ಹಾಗಲ್ಲ. ಕೈ ಬೀಸಿ, ದನಿ ಬದಲಿಸಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದೆ. ಕೇಳುವವರ ಚಹಾ ಆರಿ ಹೋಗುತ್ತಿತ್ತು.

ಈಗ ಒಂದು ಸಣ್ಣ ವಿಷಯ ಒಪ್ಪಿಕೊಳ್ಳಬೇಕು. ನಾನೂ ಒಂದು ಸಿನಿಮಾದ ಕೊನೆಯನ್ನೂ ನೋಡಿಲ್ಲ!

ನನ್ನ ಮನೆ ಆಗಲೂ ಈಗಲೂ ತೇರಗಾಂವದಲ್ಲಿ. ಹಳಿಯಾಳದ ಮೇಲೆ ಹಾಯ್ದು ಹೋಗುವ ಕಡೆಯ ಬಸ್ಸು ಒಂಬತ್ತೂಕಾಲಿಗೆ. ಭೋಂಗಾ ಕೂಗಿದ ಕೂಡಲೇ ಅವರೆಲ್ಲ ಬಲಕ್ಕೆ ಓಡಿದರೆ ನಾನು ಹಿಂದಿನ ಬಾಗಿಲಿನಿಂದ ಎಡಕ್ಕೆ ಓಡುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಕಾಡು ದಾಟುವಷ್ಟರಲ್ಲಿ ಕೊನೆಯನ್ನು ನಾನೇ ಕಟ್ಟಿ ಮುಗಿಸುತ್ತಿದ್ದೆ. ಮೊದಲ ಸಲ ಮರ್ಯಾದೆ ಉಳಿಸಿಕೊಳ್ಳಲು ಹೇಳಿದ್ದು. ಆಮೇಲೆ ಚಟವಾಯಿತು.

ಇದಕ್ಕೆ ಒಬ್ಬಳೇ ಸಾಕ್ಷಿ, ನನ್ನ ಹೆಂಡತಿ ಶಾಂತಾ. “ಪಿಕ್ಚರ್ ಬಿಡೂದು ಒಂಬತ್ತೂವರಿಗೆ. ನೀವು ಹತ್ತೂಕಾಲಿಗೆ ಮನ್ಯಾಗ ಕೈಕಾಲು ತೊಳೀತಿದ್ರಿ. ಹಾರಿ ಬರ್ತಿದ್ರೇನ?” ಎಂದು ಈಗಲೂ ಚುಚ್ಚುತ್ತಾಳೆ.

ಟಾಕೀಜು ಈಗಿಲ್ಲ. ಅದಿದ್ದ ಜಾಗದಲ್ಲಿ ಸಿಮೆಂಟಿನ ಗೋದಾಮಿದೆ. ದಾಂಡೇಲಿಗೆ ಹೋದಾಗಲೆಲ್ಲ ಅಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಟಿಕೆಟಿನ ಕಿಂಡಿ ಎಲ್ಲಿತ್ತು, ಶೇಂಗಾ ಮಾರುವವಳು ಎಲ್ಲಿ ಕೂಡುತ್ತಿದ್ದಳು ಎಂದು ಲೆಕ್ಕ ಹಾಕುತ್ತೇನೆ. ಕತ್ತಲಾಗಿ, ತೆರೆಯ ಮೇಲೆ ಬೆಳಕು ಬಿದ್ದ ಕೂಡಲೇ ಮುನ್ನೂರು ಜನ ಒಟ್ಟಿಗೆ ಸುಮ್ಮನಾಗುವ ಆ ಗಳಿಗೆ ಇನ್ನೊಮ್ಮೆ ಸಿಗಲಿ ಅನ್ನಿಸುತ್ತದೆ. ಮನೆಯ ಟೀವಿಯಲ್ಲಿ ನೂರು ಸಿನಿಮಾ ಬರುತ್ತವೆ. ಎದ್ದು ಓಡಬೇಕಾದ ಅವಸರವಿಲ್ಲದೆ ನನಗೆ ಒಂದನ್ನೂ ನೋಡಲು ಮನಸ್ಸಾಗುವುದಿಲ್ಲ.

ಆದ್ದರಿಂದ ನಿವೃತ್ತರ ಸಂಘದವರು “ನಮ್ಮ ಕಾಲದ ಮರೀಲಾರದ ನಾಲ್ಕು ಪಿಕ್ಚರ್ ತೋರಸೂಣು, ಆರಿಸೋರು ನೀವ” ಎಂದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿದೆ. ನಾಲ್ಕು ರವಿವಾರ, ಮಧ್ಯಾಹ್ನ ಮೂರಕ್ಕೆ, ಸಂಘದ ಹಾಲಿನಲ್ಲಿ, ಕಿಟಕಿಗಳಿಗೆ ಕಂಬಳಿ ಕಟ್ಟಿ. ಟಾಕೀಜಿನ ಹಳೆಯ ಆಪರೇಟರ್ ಮೆಹಬೂಬಸಾಬ ಈಗ ಪ್ರೊಜೆಕ್ಟರ್ ಬಾಡಿಗೆಗೆ ಕೊಡುತ್ತಾನೆ. ಚಿತ್ರಗಳನ್ನು ಅವನೇ ಹುಡುಕಿ ತಂದ. ಅವುಗಳ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ನಮಗೆ ಅವು ಡಾಕೂನ ಪಿಕ್ಚರ್, ಬಾವಿ ದೆವ್ವದ ಪಿಕ್ಚರ್, ಅವಳಿ ಜವಳಿ ಪಿಕ್ಚರ್, ದೋಣಿ ಪಿಕ್ಚರ್.

ಮೊದಲ ರವಿವಾರ ಕಪ್ಪುಬಿಳುಪಿನ ಡಾಕೂ. ನಾನು ಹೇಳಿದ ಕೊನೆಯಲ್ಲಿ ಅವನು ಪೊಲೀಸರಿಗೆ ಶರಣಾಗಿ, ಬಿಡುಗಡೆಯಾಗಿ, ಹಿಟ್ಟಿನ ಗಿರಣಿ ಹಾಕಿ ಸುಖವಾಗಿದ್ದ. ಪರದೆಯ ಮೇಲೆ ಅವನಿಗೆ ಗುಂಡು ಬಿತ್ತು. ದೀಪ ಹಾಕಿದರೂ ಯಾರೂ ಏಳಲಿಲ್ಲ.

“ಮಾಸ್ತರ, ಗಿರಣಿ ಎಲ್ಲೈತ್ರಿ?”

“ಸೆನ್ಸಾರಿನವರು ಕತ್ತರಿಸ್ಯಾರ” ಎಂದೆ.

“ಗಿರಣಿ ಯಾಕ ಕತ್ತರಿಸ್ತಾರ್ರಿ?”

ನಾನು ಕಿಟಕಿಯ ಕಂಬಳಿ ಬಿಚ್ಚಲು ಹೋದೆ.

ಎರಡನೆಯ ರವಿವಾರ ಬಾವಿ ದೆವ್ವ. ಅದು ದೆವ್ವವಲ್ಲ, ಬಿಳಿ ಚಾದರ ಹೊದ್ದ ಗೌಡರ ಕಾರಭಾರಿ ಎಂದು ನಾನು ಎಲ್ಲರಿಗೂ ಧೈರ್ಯ ಹೇಳಿದ್ದೆ. ಅದು ಖರೇನೇ ದೆವ್ವ! ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತರು. “ನಿಮ್ಮ ಮಾತು ನಂಬಿ ಮೂವತ್ತು ವರ್ಷ ಬಾವಿ ದಂಡಿ ಮ್ಯಾಲಿಂದ ಒಬ್ನ ಮನಿಗೆ ಹೋಗೇನಿ. ಇವತ್ತ ನನ್ನ ಯಾರು ಬಿಟ್ಟು ಬರ್ತೀರಿ?” ನಾನೇ ಬಿಟ್ಟು ಬಂದೆ.

ಮೂರನೆಯ ರವಿವಾರ ಅವಳಿ ಜವಳಿ. ಅಗಲಿದ ಅವಳಿಗಳು ಕೊನೆಗೆ ಅಪ್ಪಿಕೊಂಡರೆಂದು ನಾನು ಹೇಳಿದ್ದೆ; ಅದರಲ್ಲಿ ಅವಳಿಗಳೇ ಇರಲಿಲ್ಲ. ಒಬ್ಬನೇ ಮನುಷ್ಯ ಎರಡು ಅಂಗಿ ಹಾಕಿಕೊಂಡು ಊರಿಗೆಲ್ಲ ಟೋಪಿ ಹಾಕುತ್ತಿದ್ದ. ಜನ ಪರದೆ ನೋಡುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು.

ಇಷ್ಟಾದರೂ ನಾನು ನಕ್ಕು ತಳ್ಳಿಹಾಕುತ್ತಿದ್ದೆ. ಆದರೆ ಆ ದಿನ ಬಸ್ತ್ಯಾಂವ ಬಂದು ನನ್ನ ಕೈ ಹಿಡಿದ. ಹಳಿಯಾಳ ಕಡೆಯ ಹಳ್ಳಿಯ ಸಿದ್ದಿ ಜನಾಂಗದವನು ಅವನು. ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಕೆಲಸಕ್ಕಿದ್ದ ನನ್ನ ಹಳೆಯ ಸ್ನೇಹಿತ. “ಮಾಸ್ತರ, ಮುಂದಿನ ವಾರ ನನ್ನ ಮಗಳು ಬರ್ತಾಳ್ರಿ. ಆಕಿಗೆ ಹೆಸರು ಕೊಟ್ಟ ಪಿಕ್ಚರ್ ಆಕಿ ಒಮ್ಮೆನೂ ನೋಡಿಲ್ಲ.”



ದೋಣಿ ಪಿಕ್ಚರಿನ ನಾಯಕಿ ಕಸ್ತೂರಿ. ಹೊಳೆಗೆ ಪ್ರವಾಹ ಬಂದಾಗ ಆಚೆಯ ದಡದಿಂದ ಔಷಧ ತರಲು ಒಬ್ಬಳೇ ದೋಣಿ ಹತ್ತುತ್ತಾಳೆ. ಔಷಧ ಹಿಡಿದು ಮರಳುವಾಗ ನಡುನೀರಿನಲ್ಲಿ ದೋಣಿ ಮಗುಚುತ್ತದೆ. ಆಗ ಭೋಂಗಾ! ಆ ವಾರವೇ ಬಸ್ತ್ಯಾಂವನಿಗೆ ದಿನ ತುಂಬದ ಹೆಣ್ಣು ಮಗು ಹುಟ್ಟಿತ್ತು. ಉಳಿಯುವುದು ಕಷ್ಟ ಎಂದಿದ್ದರು. ಮನಸ್ಸು ತಡೆಯದೆ, ರಾತ್ರಿ ಪಾಳಿಗೆ ಮುಂಚೆ ಅವನು ಟಾಕೀಜಿಗೆ ಬಂದು ಕೂತಿದ್ದ. ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ನನ್ನ ಮುಂದೆ ನಿಂತು ಕೇಳಿದ್ದು ಒಂದೇ ಮಾತು: “ಆಕಿ ಉಳದ್ಲೇನ್ರಿ?”

ಏನು ಹೇಳಲಿ? ಉಳಿದಳು ಎಂದೆ. ಈಜಿ ದಡ ಮುಟ್ಟಿದಳು. ಬಾಯಲ್ಲಿ ಔಷಧದ ಬಾಟಲಿ ಕಚ್ಚಿಕೊಂಡಿದ್ದಳು. ಸೆರಗು ಹಿಂಡುತ್ತ, ಅಳುತ್ತ ನಿಂತ ಜನರನ್ನು ನೋಡಿ “ಯಾರಾರ ಒಂದೀಟು ಚಾ ಕಾಸ್ರಿ” ಅಂದಳು. ಬಸ್ತ್ಯಾಂವ ಅಲ್ಲಿಂದಲೇ ಆಸ್ಪತ್ರೆಗೆ ಓಡಿ ಮಗಳಿಗೆ ಕಸ್ತೂರಿ ಎಂದು ಹೆಸರಿಟ್ಟ. ಮಗು ಉಳಿಯಿತು. ಈಗ ಅವಳು ಹಳಿಯಾಳದಲ್ಲಿ ನರ್ಸು.

ಹಿಂದಿನ ಮೂರು ರವಿವಾರ ನೋಡಿದ ಮೇಲೆ ದೋಣಿ ಪಿಕ್ಚರಿನ ಕೊನೆ ಏನಿರಬಹುದೆಂದು ನನಗೆ ಖಾತ್ರಿಯಾಗಿತ್ತು. ಮೆಹಬೂಬಸಾಬನ ಬಳಿ ಓಡಿದೆ. “ಆಖರಿಗೆ ಕರೆಂಟ್ ಹೋತಂತ ಬಂದ್ ಮಾಡೋ ಮಾರಾಯಾ.”

“ತೋಬಾ ತೋಬಾ! ಜಿಂದಗಿಯಾಗ ಒಂದು ರೀಲ್ ಕಟ್ ಮಾಡಿಲ್ಲ ನಾನು. ಆಕಿ ಮುಳಗತಾಳ ಮಾಸ್ತರ. ನೀವ ನೋಡೀರಲ್ಲ?”

ಮನೆಯಲ್ಲಿ ಶಾಂತಾ ಕೇಳಿ ಒಂದೇ ಮಾತು ಹೇಳಿದಳು. “ಮೊದಲ ಹೋಗಿ ಖರೆ ಹೇಳಿಬಿಡ್ರಿ.”

ಇಷ್ಟು ಸರಳವಾದ ಉಪಾಯವನ್ನು ನಾನು ಕೂಡಲೇ ತಿರಸ್ಕರಿಸಿದೆ. ಬುದ್ಧಿವಂತನಲ್ಲವೇ ನಾನು! ಮೊಬೈಲಿನಲ್ಲಿ ಭೋಂಗಾದ ಸದ್ದು ಹುಡುಕಿ ಇಳಿಸಿಕೊಂಡೆ. ಕೊನೆಗೆ ಅರ್ಧ ಗಂಟೆ ಇರುವಾಗ ಅದನ್ನು ಹಾಲಿನ ಮೈಕಿಗೆ ಹಿಡಿಯುವುದು. ಎಲ್ಲರೂ ನಕ್ಕು, ಗದ್ದಲವಾಗಿ, ಹಳೆಯ ನೆನಪಿನಲ್ಲಿ ಹೊರಗೆ ಹೊರಡುವುದು. ಆ ಗದ್ದಲದಲ್ಲಿ ಅಪ್ಪ ಮಗಳನ್ನೂ ಹೊರಡಿಸುವುದು. ಯೋಜನೆಯಲ್ಲಿ ಒಂದು ಕೂದಲಿನಷ್ಟೂ ದೋಷವಿರಲಿಲ್ಲ.

ನಾಲ್ಕನೆಯ ರವಿವಾರ ಹಾಲು ಜನರಿಂದ ತುಂಬಿತ್ತು. ಬಸ್ತ್ಯಾಂವ ಇಸ್ತ್ರಿ ಮಾಡಿದ ಅಂಗಿ ಹಾಕಿ ಮೊದಲ ಸಾಲಿನಲ್ಲಿ ಕೂತಿದ್ದ, ಪಕ್ಕದಲ್ಲಿ ಕಸ್ತೂರಿ. ನನ್ನನ್ನು ಕಂಡು ಅವಳು ಎದ್ದು ಬಂದಳು. “ಕಾಕಾ, ಅಪ್ಪ ಪ್ರತಿ ಹುಟ್ಟಿದ ಹಬ್ಬಕ್ಕ ಈ ಕಥಿ ಹೇಳ್ತಾನ್ರಿ. ದವಾಖಾನ್ಯಾಗ ಸೀರಿಯಸ್ ಇದ್ದ ಪೇಶಂಟ್ ಉಳದ್ರ ನಾನೂ ಹಂಗ ಅಂತೇನಿ, ಯಾರಾರ ಚಾ ಕಾಸ್ರಿ ಅಂತ.” ನಾನು ಮೈಕಿನ ಪಕ್ಕ ಹೋಗಿ ಕೂತೆ.

ಹೊಳೆಗೆ ಪ್ರವಾಹ ಬಂತು. ಕಸ್ತೂರಿ ದೋಣಿ ಹತ್ತಿದಳು. ಮೊಬೈಲನ್ನು ಮೈಕಿಗೆ ಹಿಡಿದು ಒತ್ತಿದೆ. ಸುಪ್ರಭಾತ ಮೊಳಗಿತು! ಅದು ನನ್ನ ಬೆಳಗಿನ ಅಲಾರಮ್ಮು. ಗಡಬಡಿಸಿ ಇನ್ನೊಂದನ್ನು ಒತ್ತಿದೆ. ಭೋಂಗಾ ಕೂಗಿತು.

ಯಾರೂ ನಗಲಿಲ್ಲ. ಅರ್ಧ ಹಾಲು ದಡಬಡನೆ ಎದ್ದಿತು. ಎಪ್ಪತ್ತು ದಾಟಿದವರು ಕುರ್ಚಿಯ ಕೆಳಗೆ ಇಲ್ಲದ ಡಬ್ಬಿ ಹುಡುಕಿದರು. “ಹಾಜರಿ ಹೋಗ್ತೈತಿ, ನಡೀರಿ!” ಎಂದು ಯಾರೋ ಕೂಗಿದರು. ಅವರ ಹಿಂದೆ ಉಳಿದವರೂ ಬಾಗಿಲಿನಿಂದ ಬಲಕ್ಕೆ ನುಗ್ಗಿದರು.

ನಾನು? ನನಗೆ ಅರಿವಾದಾಗ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮೈಯೆಲ್ಲ ಬೆವರು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಸಂಘದ ಮೈಕು ಕೈಯಲ್ಲಿತ್ತು, ತಂತಿ ಕಿತ್ತುಕೊಂಡು ಬಂದಿತ್ತು.

ವಾಪಸು ಬರುವಾಗ ಕಾರ್ಖಾನೆಯ ದಾರಿಯಲ್ಲಿ ಅವರೆಲ್ಲ ಸಂಜೆಯ ಬಿಸಿಲಿನಲ್ಲಿ ನಿಂತಿದ್ದರು. ನಗುತ್ತಿದ್ದರು. ಗೇಟಿನ ಕಡೆ ನೋಡುತ್ತ ಒಬ್ಬರು “ಇನ್ನೊಮ್ಮೆ ಕರದಿದ್ರ ಹೋಗಿಬಿಡ್ತಿದ್ನಿ” ಅಂದರು. ಆ ಓಟವನ್ನು ನಾವು ಎಷ್ಟು ಬೈದಿದ್ದೆವು, ಈಗ ಅದನ್ನೇ ಬಯಸುತ್ತಿದ್ದೆವು.

ಆಗ ಹಾಲಿನಿಂದ ಬಸ್ತ್ಯಾಂವ ಮತ್ತು ಕಸ್ತೂರಿ ಹೊರಬಂದರು. ಬಸ್ತ್ಯಾಂವನಿಗೆ ಈಚೆಗೆ ಕಿವಿ ಮಂದ. ಹಾಡಿನ ಸದ್ದಿಗೆ ಕಿರ್ ಅನ್ನುತ್ತದೆಂದು ಕಿವಿಯ ಮಷೀನು ತೆಗೆದು ಕಿಸೆಯಲ್ಲಿಟ್ಟು ಕೂತಿದ್ದನಂತೆ. ಭೋಂಗಾ ಕೇಳಿಸದೇ ಇದ್ದವನು ಅವನೊಬ್ಬನೇ! ಅವನು ಏಳದ ಮೇಲೆ ಮಗಳೂ ಏಳಲಿಲ್ಲ. ಯಾರಿಗೆ ಕಾಣಬಾರದೆಂದು ಇಷ್ಟೆಲ್ಲ ಮಾಡಿದೆನೋ ಅವರಿಬ್ಬರೇ ಆರಾಮಾಗಿ ಕೂತು ಕೊನೆತನಕ ನೋಡಿದ್ದರು. ಕಸ್ತೂರಿಯ ಕಣ್ಣುಗಳು ಕೆಂಪಾಗಿದ್ದವು.

ಇನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ. “ಬಸ್ತ್ಯಾಂವ, ನಾ ಒಂದ ಪಿಕ್ಚರಿನ ಶೇವಟಾನೂ ನೋಡಿಲ್ಲೋ! ಎಲ್ಲಾ ಸುಳ್ಳು ಹೇಳೇನಿ!”

“ಆಂ?” ಎಂದ.

“ಸುಳ್ಳು ಹೇಳೇನಿ!” ದನಿ ಏರಿಸಿದೆ.

“ಏನಂದ್ರಿ?”

ಮೂರನೆಯ ಸಲ ಮೈ ಮೇಲಿನ ಎಚ್ಚರ ಬಿಟ್ಟು ಕೂಗಿದೆ. ರಸ್ತೆಯಲ್ಲಿ ನಿಂತ ಇಡೀ ರಾತ್ರಿ ಪಾಳಿಗೆ ಕೇಳಿಸಿತು. ಅವನೊಬ್ಬನಿಗೆ ಬಿಟ್ಟು!

“ಕಾಕಾ, ಅಪ್ಪನ ಮಷೀನ್ ಕಿಸೇದಾಗ ಐತ್ರಿ” ಎಂದಳು ಕಸ್ತೂರಿ. ಬಸ್ತ್ಯಾಂವ ಕಿಸೆಯ ಮೇಲೆ ಕೈ ಇಟ್ಟ. ಮಷೀನು ತೆಗೆಯಲಿಲ್ಲ, ಒತ್ತಿ ಹಿಡಿದುಕೊಂಡ.

“ಮಾಸ್ತರ, ಆ ಪಿಕ್ಚರಿನವ್ರಿಗೆ ಶೇವಟ ಮಾಡಾಕ ಬರೂದಿಲ್ಲ ನೋಡ್ರಿ. ಅವಸರದಾಗ ಮುಳುಗಿಸಿಬಿಟ್ಟಾರ. ಖರೆ ಶೇವಟ ನಿಮ್ದ” ಎಂದು ಮಗಳ ಬೆನ್ನು ತಟ್ಟಿದ. “ಇಲ್ಲಿ ನಿಂತಾಳಲ್ಲ!”

ಕಸ್ತೂರಿ ಕಣ್ಣೊರೆಸಿಕೊಂಡು ಸುತ್ತಲಿನ ಮುದುಕರನ್ನು ನೋಡಿದಳು. “ಯಾರಾರ ಒಂದೀಟು ಚಾ ಕಾಸ್ರಿ” ಅಂದಳು. ಹಳೆಯ ಚಹಾದಂಗಡಿಯ ಕಡೆ ಎಲ್ಲರೂ ನಡೆದರು. ನನ್ನನ್ನು ಬೈಯುವುದನ್ನು ಚಹಾದ ಜೊತೆಗೆ ಮುಗಿಸಿದರು.

ಊರಿಗೆ ಹೋಗಲು ಬಸ್ ಸ್ಟ್ಯಾಂಡಿಗೆ ಬಂದಾಗ ಶಾಂತಾಳ ಫೋನು.

“ಶೇವಟ ಹೆಂಗಿತ್ರಿ?”

“ನಾ ನೋಡಲಿಲ್ಲ. ಭೋಂಗಾ ಕೇಳಿ ಬಸ್ ಸ್ಟ್ಯಾಂಡಿಗೆ ಓಡಿಬಿಟ್ಟೆ.”

ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. “ಊರಿಗೆಲ್ಲಾ ಶೇವಟ ಹೇಳಿದ್ರಿ. ನನಗ ಒಮ್ಮೆನೂ ಹೇಳಲಿಲ್ಲಲ್ಲ. ಮನಿಗೆ ಬಂದು ಕೈಕಾಲು ತೊಳದು ಮಲಗಿಬಿಡ್ತಿದ್ರಿ.”

ಅವಳು ಕೇಳಬಹುದು ಎಂದು ಇಷ್ಟು ವರ್ಷ ನನಗೆ ಹೊಳೆದಿರಲೇ ಇಲ್ಲ. “ಕೇಳು” ಎಂದು ಅಲ್ಲಿಯೇ ಕಟ್ಟೆಯ ಮೇಲೆ ಕೂತು ಶುರು ಮಾಡಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಬೀಸಿ, ದನಿ ಬದಲಿಸಿ, ಕಣ್ಣೀರು ತಂದುಕೊಳ್ಳುವ ಅಗತ್ಯವಿಲ್ಲದೆ. ಕಸ್ತೂರಿ ದಡ ಮುಟ್ಟಿದಳು, ಸೆರಗು ಹಿಂಡಿದಳು, ಚಾ ಕಾಸ್ರಿ ಅಂದಳು. ಜೀವನದಲ್ಲಿ ಮೊದಲ ಬಾರಿಗೆ ನಾನು ಒಂದು ಸಿನಿಮಾವನ್ನು ಕೊನೆ ಮುಟ್ಟಿಸಿ ಎದ್ದೆ.

ತೇರಗಾಂವದ ಬಸ್ಸು ಹೋಗಿತ್ತು!