ಹುಟ್ಟು ಹಾಕಿದವನ ಮುಖ ಎಲ್ಲಿ?

ಚಿತ್ರಕಾರರ ಮೇಲೆ ನನಗೆ ವಿಪರೀತ ಕೋಪವಿದೆ. ಆಲೂರು ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದವನು ನಾನು, ಹಾಗಾಗಿ ಇದನ್ನು ಮನೆಯೊಳಗಿನ ಜಗಳ ಎಂದುಕೊಳ್ಳಿ. ಹುಟ್ಟು ಹಾಕಿ ನಡೆಸುತ್ತಿದ್ದ ಹಳೇ ಕಾಲದ ಹಡಗುಗಳ ಚಿತ್ರ ನೋಡಿದ್ದೀರಾ? ಗ್ರೀಕರು ಮಡಕೆಗಳ ಮೇಲೆ ಬರೆದರು. ಹುಟ್ಟುಗಳು ಜರಿಹುಳದ ಕಾಲಿನಂತೆ ಸಾಲಾಗಿವೆ, ಒಳಗಿನ ತಲೆಗಳೋ ಕಡಲೆಕಾಳುಗಳು. ಆಮೇಲೆ ಯುರೋಪಿನವರು ಗೋಡೆಯಗಲದ ಬಟ್ಟೆಯ ಮೇಲೆ ಸಮುದ್ರಯುದ್ಧ ಬರೆದರು. ಚಿನ್ನದ ಕೆತ್ತನೆ, ಬಾವುಟ, ಕತ್ತಿ ಹಿರಿದ ನಾಯಕ. ಅವನ ಟೋಪಿಯ ಗರಿಯನ್ನೂ ಎಣಿಸಬಹುದು. ಬೆನ್ನು ಮುರಿಯುವಂತೆ ಹುಟ್ಟು ಹಾಕಿದವನು ಎಲ್ಲಿ? ಹಡಗಿನ ಹಲಗೆಯ ಹಿಂದೆ. ನಾಲ್ಕು ಜನ ಸೇರಿ ಎಳೆಯಬೇಕಾದ ಹುಟ್ಟು ತನ್ನಷ್ಟಕ್ಕೆ ತಾನೇ ಆಡುತ್ತಿರುತ್ತದೆ. ಇದು ಅನ್ಯಾಯವಲ್ಲದೆ ಇನ್ನೇನು?

ಈ ಕೋಪ ನೆತ್ತಿಗೇರಿದ್ದು ಹೋದ ಕೊಯ್ಲಿನಲ್ಲಿ. ವನಗೂರಿನ ಶೇಖರೇಗೌಡರು ತಮ್ಮ ಎಸ್ಟೇಟ್ ಬಂಗಲೆಯನ್ನು ಹೋಂಸ್ಟೇ ಮಾಡಿ, ಊಟದ ಹಾಲಿಗೆ ಅಂಥದೇ ಹಡಗಿನ ದೊಡ್ಡ ಪ್ರಿಂಟ್ ತಂದರು. ತರಲಿ, ಬೇಡವೆನ್ನಲು ನಾನ್ಯಾರು? ಆದರೆ ಅದಕ್ಕೆ ಅವರು ಆರಿಸಿದ್ದು, ನನ್ನ ‘ಕಾಫಿ ಕೊಯ್ಲು’ ಚಿತ್ರ ಹನ್ನೆರಡು ವರ್ಷದಿಂದ ಇದ್ದ ಗೋಡೆ. ನಾನು ಬರೆದದ್ದರಲ್ಲಿ ನಾಲ್ಕು ಜನ ನೋಡುವ ಜಾಗದಲ್ಲಿದ್ದುದು ಅದೊಂದೇ. ಅದು ಕೆಳಗಿಳಿದರೆ ಸ್ಟೋರ್‌ನಲ್ಲಿ ಗೆದ್ದಲಿಗೆ ಹಬ್ಬ.

ಜೀಪು ಹಿಡಿದು ಹೋಗಿ, ಗೌಡರ ಮುಂದೆ ಗ್ರೀಕರಿಂದಲೇ ಶುರುಮಾಡಿದೆ. “ದುಡಿದೋರು ಯಾವ ಚಿತ್ರದಲ್ಲಿ ಕಾಣ್ತಾರೋ ಅದು ಗೋಡೆ ಮೇಲಿರಲಿ ಗೌಡ್ರೇ” ಎಂದು ನ್ಯಾಯವನ್ನೂ ನಾನೇ ಹೇಳಿದೆ.

“ಆಯ್ತು ಮೇಷ್ಟ್ರೇ, ದುಡಿಯೋರ್ನೇ ಕೇಳಾಣ ಬುಡಿ” ಎಂದ ಗೌಡರು, ಕಣದಲ್ಲಿ ಕಾಫಿ ಹರವುತ್ತಿದ್ದ ಕೆಂಚಮ್ಮನನ್ನು ಕರೆದರು. ಇಪ್ಪತ್ತು ವರ್ಷದಿಂದ ಆ ತೋಟದಲ್ಲಿ ಹಣ್ಣು ಕೊಯ್ಯುತ್ತಿರುವ ಹೆಂಗಸು.

ಅವಳು ಹಾಲಿಗೆ ಬಂದು, ಗೋಡೆಗೊರಗಿಸಿಟ್ಟಿದ್ದ ಹಡಗನ್ನು ಮೇಲಿಂದ ಕೆಳಗೆ ನೋಡಿ, “ಜನ ಕಾಣಕ್ಕಿಲ್ಲ. ಮೇಷ್ಟ್ರು ಹೇಳಾದು ದಿಟ” ಎಂದಳು. ನಾನು ಮೀಸೆ ನೀವಿಕೊಂಡೆ. ಅವಳು ಅಷ್ಟಕ್ಕೇ ನಿಲ್ಲದೆ ನನ್ನ ಚಿತ್ರದ ಹತ್ತಿರ ಹೋದಳು. “ಇದ್ರಾಗೆ ಬಂಗ್ಲೆ ಐತೆ, ಜೀಪೈತೆ, ಸಾವ್ಕಾರ್ರು ಜೇಬಿಗೆ ಕೈ ಇಕ್ಕಂಡವ್ರೆ. ನಾವೆಲ್ಲಿ ಮೇಷ್ಟ್ರೇ? ಗಿಡದ್ ಮ್ಯಾಲೆ ಬರೇ ತಲೆಗ್ ಕಟ್ಟಿರೋ ಟವಲ್ ಕಾಣ್ತಾವೆ.”

“ಗಿಡದ ಹಿಂದೆ ಇದೀರಲ್ಲಮ್ಮ.”

“ಹಂಗಾರೆ ಅವ್ರೂ ಹಲಗೆ ಹಿಂದೆ ಅವ್ರೆ ಬುಡಿ” ಎಂದು ಕೆಂಚಮ್ಮ ಕಣಕ್ಕೆ ಹೋದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಮನುಷ್ಯರ ಕೈ ಬರೆಯಲು ಬರುವುದಿಲ್ಲ. ಗೌಡರ ಕೈ ಜೇಬು ಸೇರಿದ್ದು ಅದಕ್ಕೇ. ಹಣ್ಣು ಕೊಯ್ಯುವವರ ಕೈಯನ್ನು ಯಾವ ಜೇಬಿಗೆ ಹಾಕಲಿ? ಗಿಡ ಅಡ್ಡ ನಿಲ್ಲಿಸಿದೆ. ಆ ಯುರೋಪಿನವರಿಗೂ ಇದೇ ಕಷ್ಟವಿತ್ತೋ ಏನೋ. ಇದ್ದರೂ ನಾನು ಕ್ಷಮಿಸುವವನಲ್ಲ.

ಗೌಡರು ನನ್ನ ಚಿತ್ರ ಇಳಿಸಿ, ಹಡಗನ್ನೂ ಒಳಗಿಡಿಸಿ, “ಕೆಂಚಮ್ಮ ಕಾಣೋ ಹಂಗೆ ಬರ್ಕಂಡ್ ಬನ್ನಿ, ಗೋಡೆ ಕಾಯ್ತದೆ” ಎಂದರು. ಮೂರು ತಿಂಗಳಿಂದ ಒಂದೇ ಒಂದು ಕೈ ಬರೆಯುತ್ತಿದ್ದೇನೆ. ನಿನ್ನೆ ಕಾಫಿ ತಂದ ನನ್ನ ಹೆಂಡತಿ ಬಗ್ಗಿ ನೋಡಿ, ಬಹಳ ದಿನದ ಮೇಲೆ ಮನಸಾರೆ ಹೊಗಳಿದಳು: “ಶುಂಠಿ ಚೆನ್ನಾಗ್ ಬಂದೈತೆ ಕಣ್ರೀ.”